ಮಂದ ಬೆಳಕಿಗೆ ಯಾವ ಲೆನ್ಸ್?

ವಾರ್ಷಿಕೋತ್ಸವದ ರಾತ್ರಿ ತೆಗೆದ ಫೋಟೋಗಳು ಮಸುಕಾಗುವುದೇಕೆ? ಕ್ಯಾಮೆರಾದ ಜೊತೆ ಬರುವ 18-55 ಎಂಎಂ ಲೆನ್ಸ್ ಪೂರ್ತಿ ಜೂಮ್ ಮಾಡಿದಾಗ ಸಾಮಾನ್ಯವಾಗಿ ಎಫ್/5.6ರಷ್ಟೇ ತೆರೆಯುತ್ತದೆ. ಬೆಳಕು ಸಾಲದೆ ಶಟರ್ ನಿಧಾನವಾಗುತ್ತದೆ. ವೇದಿಕೆಯ ಮೇಲಿದ್ದವರು ಸ್ವಲ್ಪ ಅಲುಗಾಡಿದರೂ ಚಿತ್ರ ಕೆಡುತ್ತದೆ.

ಎಫ್ ಸಂಖ್ಯೆ ಚಿಕ್ಕದಾದಷ್ಟೂ ಬೆಳಕಿನ ಕಿಂಡಿ ದೊಡ್ಡದು. 50 ಎಂಎಂ ಎಫ್/1.8 ಲೆನ್ಸ್ ಎಫ್/5.6ಕ್ಕಿಂತ ಸುಮಾರು 10 ಪಟ್ಟು ಬೆಳಕು ಒಳಬಿಡುತ್ತದೆ. 1/20 ಸೆಕೆಂಡ್ ಬೇಕಿದ್ದಲ್ಲಿ 1/200 ಸಾಕು.

ಇದರಲ್ಲಿ ಜೂಮ್ ಇಲ್ಲ, ನೀವೇ ಹಿಂದೆ ಮುಂದೆ ನಡೆಯಬೇಕು. ಕಿಂಡಿ ಪೂರ್ತಿ ತೆರೆದಾಗ ಸ್ಪಷ್ಟವಾಗಿ ಕಾಣುವ ಭಾಗ ತೀರಾ ಕಡಿಮೆ; ಆದ್ದರಿಂದ ಕಣ್ಣಿನ ಮೇಲೇ ಫೋಕಸ್ ಮಾಡಿ. ಬೆಳಕಿದ್ದರೆ ಎಫ್/2.8ಕ್ಕೆ ಇಳಿಸಿ, ಚಿತ್ರ ಇನ್ನಷ್ಟು ಚುರುಕಾಗುತ್ತದೆ. ಚಿಕ್ಕ ಕೋಣೆಗೆ 35 ಎಂಎಂ ಅನುಕೂಲ.

ಕೊಳ್ಳುವ ಮೊದಲು ನಿಮ್ಮ ಕ್ಯಾಮೆರಾಕ್ಕೆ ಅದು ಕೂರುತ್ತದೆಯೇ, ಆಟೋಫೋಕಸ್ ಕೆಲಸ ಮಾಡುತ್ತದೆಯೇ ಎಂದು ಅಂಗಡಿಯಲ್ಲೇ ಹಾಕಿ ನೋಡಿ.