ತಾಲ್ಲೂಕನ್ನು ಅಳೆದ ಪ್ರಾಧ್ಯಾಪಕರು

ಮಕ್ಕಳು ಅರ್ಥಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತೇವೆಂದರೆ ನಮ್ಮ ಕೊಪ್ಪಳ ಸೀಮೆಯ ಮನೆಗಳಲ್ಲಿ ಇಂದಿಗೂ ಹಿರಿಯರ ಮುಖ ಸಪ್ಪಗಾಗುತ್ತದೆ. ಕಳೆದ ಶ್ರಾವಣದಲ್ಲಿ ಕುಷ್ಟಗಿಯ ಗೃಹಸ್ಥರೊಬ್ಬರು ಇದೇ ಚಿಂತೆಯನ್ನು ಹೊತ್ತು ಬಂದಿದ್ದರು. ಹಿರಿಯ ಮಗಳಿಗೆ 371(ಜೆ) ಪ್ರಮಾಣಪತ್ರದ ಬಲದಿಂದ ಮೆಡಿಕಲ್ ಸೀಟು ದೊರೆತಿತ್ತು. ಕಿರಿಯಳು ಎಂ.ಎ. ಅರ್ಥಶಾಸ್ತ್ರಕ್ಕೆ ಧಾರವಾಡಕ್ಕೇ ಹೋಗಬೇಕೆಂದು ಹಟ ಹಿಡಿದಿದ್ದಳು. “ಅಜ್ಜಾರ, ಅದರಿಂದ ಯಾರಿಗೇನು ಉಪಯೋಗ, ನೀವಾದರೂ ಹೇಳ್ರಿ” ಎಂದರು. ನಾನು ಡಾ. ಡಿ. ಎಂ. ನಂಜುಂಡಪ್ಪನವರ ಹೆಸರನ್ನು ಹೇಳಿದೆ.

ಅವರು ಅದೇ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ಮುಂದೆ ರಾಜ್ಯ ಸರ್ಕಾರದ ಆರ್ಥಿಕ ಸಲಹೆಗಾರರೂ, ಧಾರವಾಡ ಮತ್ತು ಬೆಂಗಳೂರು ವಿಶ್ವವಿದ್ಯಾಲಯಗಳ ಕುಲಪತಿಗಳೂ, ರಾಜ್ಯ ಯೋಜನಾ ಮಂಡಳಿಯ ಉಪಾಧ್ಯಕ್ಷರೂ ಆದರು. ಪದವಿಗಳ ಪಟ್ಟಿ ಇಷ್ಟು ಸಾಕು. ನಮ್ಮ ಸೀಮೆಗೆ ಮುಖ್ಯವಾದುದು ಪ್ರಾದೇಶಿಕ ಅಸಮತೋಲನದ ನಿವಾರಣೆಗಾಗಿ 2000ದಲ್ಲಿ ರಚಿತವಾಗಿ, ಅವರ ಅಧ್ಯಕ್ಷತೆಯಲ್ಲಿ 2002ರಲ್ಲಿ ವರದಿಯಿತ್ತ ಉನ್ನತಾಧಿಕಾರ ಸಮಿತಿ.

ಆ ಸಮಿತಿ ಜಿಲ್ಲೆಯನ್ನು ಬಿಟ್ಟು ತಾಲ್ಲೂಕನ್ನೇ ಅಳತೆಯ ಘಟಕವಾಗಿ ಹಿಡಿಯಿತು. ಜಿಲ್ಲೆಯ ಸರಾಸರಿ ಬಹು ಮೋಸದ ಸಂಖ್ಯೆ. 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟ ನಮ್ಮ ಜಿಲ್ಲೆಯನ್ನೇ ನೋಡಿರಿ: ಗಂಗಾವತಿಗೆ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಂಟು, ಭತ್ತದ ಗದ್ದೆಗಳುಂಟು, ಅಕ್ಕಿ ಗಿರಣಿಗಳುಂಟು. ಕುಷ್ಟಗಿ, ಯಲಬುರ್ಗಾಗಳದು ಬಹುಮಟ್ಟಿಗೆ ಮಳೆಯನ್ನೇ ನಂಬಿದ ಜೋಳ, ಸಜ್ಜೆಗಳ ಬೇಸಾಯ. ಎರಡನ್ನೂ ಕೂಡಿಸಿ ಭಾಗಿಸಿದರೆ ಕುಷ್ಟಗಿಯ ಬರ ಗಂಗಾವತಿಯ ಭತ್ತದ ರಾಶಿಯಲ್ಲಿ ಮುಚ್ಚಿಹೋಗುತ್ತದೆ. ಪ್ರಮಾಣವಿಲ್ಲದೆ ಪ್ರಮೇಯ ಸಿದ್ಧಿಸದೆಂದು ಮಠದಲ್ಲಿ ತರ್ಕದ ಪಾಠ ಕಲಿತಿದ್ದ ನನಗೆ ಈ ಮಾತು ಬೇಗನೆ ಹಿಡಿಸಿತು.

ಕೃಷಿ, ಕೈಗಾರಿಕೆ, ಮೂಲಸೌಕರ್ಯ, ಶಿಕ್ಷಣ, ಆರೋಗ್ಯ ಮೊದಲಾದವುಗಳಿಂದ 35 ಸೂಚಕಗಳನ್ನು ಆಯ್ದು, ರಾಜ್ಯದ ಸರಾಸರಿಯನ್ನು 1 ಎಂದಿಟ್ಟುಕೊಂಡು ಆಗಿನ 175 ತಾಲ್ಲೂಕುಗಳನ್ನೂ ತೂಗಿದರು. 114 ತಾಲ್ಲೂಕುಗಳು ಸರಾಸರಿಗಿಂತ ಕೆಳಗಿದ್ದವು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಕುಷ್ಟಗಿ, ಯಲಬುರ್ಗಾ ಎರಡೂ ಈ 39ರೊಳಗೆ. ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿ ತೊಡಗಿಸಬೇಕೆಂದು ವರದಿ ಹೇಳಿತು. ವಿಶೇಷ ಅಭಿವೃದ್ಧಿ ಯೋಜನೆ ಆರಂಭವಾದುದು 2007-08ರಲ್ಲಿ. ನಂಜುಂಡಪ್ಪನವರು 2005ರಲ್ಲಿಯೇ ತೀರಿಕೊಂಡಿದ್ದರು.

ಈ ಭಾಗಕ್ಕೆ ಸಂವಿಧಾನದ ವಿಶೇಷ ಸ್ಥಾನ ಬೇಕೆಂಬ ಬೇಡಿಕೆ ಹಳೆಯದು, ಹೋರಾಟಗಾರರದು. ಆದರೆ ಹೋರಾಟಗಾರರ ಕೈಗೆ ಈ ಅಂಕಿಗಳು ಸಿಕ್ಕಿದವು. 2012ರಲ್ಲಿ ಸಂಸತ್ತು 371(ಜೆ)ಯನ್ನು ಅಂಗೀಕರಿಸಿತು. ನಿಮ್ಮ ಹಿರಿಯ ಮಗಳ ಸೀಟಿನ ಹಿಂದೆ ಒಬ್ಬ ಅರ್ಥಶಾಸ್ತ್ರಿಯ ಲೆಕ್ಕವೂ ಇದೆಯೆಂದು ಆ ಗೃಹಸ್ಥರಿಗೆ ಹೇಳಿದೆ.

“ಹಾಗಾದರೆ ಈಗ ನಮ್ಮ ತಾಲ್ಲೂಕು ಮುಂದೆ ಬಂದಿದೆಯೇನ್ರಿ?” ಎಂದು ಅವರು ಕೇಳಿದರು. ಹಳೆಯ ಅಂಕಿಗಳಿಂದ ಅದನ್ನು ಹೇಳಲಾಗದು. 2024ರಲ್ಲಿ ಸರ್ಕಾರವು ಪ್ರೊ. ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಮತ್ತೊಂದು ಸಮಿತಿಯನ್ನು ರಚಿಸಿದ್ದೂ ಅದಕ್ಕಾಗಿಯೇ. ಅಷ್ಟರಲ್ಲಿ ಬಾಗಿಲ ಬಳಿ ನಿಂತಿದ್ದ ಕಿರಿಯಳು ಬಾಯಿ ತೆರೆದಳು: “ಯಲಬುರ್ಗಾದಿಂದ ಕುಕನೂರು ಬೇರೆಯಾಗೈತಿ, ಗಂಗಾವತಿಯಿಂದ ಕನಕಗಿರಿ, ಕಾರಟಗಿ ಬೇರೆಯಾಗ್ಯಾವ. ಹಳೆಯ ತಾಲ್ಲೂಕಿನ ಅಂಕಿಗೆ ಹೊಸ ತಾಲ್ಲೂಕಿನ ಅಂಕಿಯನ್ನ ಹೋಲಿಸೋದು ಹ್ಯಾಂಗ, ಅಜ್ಜಾರ?”

ನನಗೆ ಉತ್ತರ ತೋಚಲಿಲ್ಲ. ತಂದೆಯೂ ಸ್ವಲ್ಪ ಹೊತ್ತು ಸುಮ್ಮನಿದ್ದು, ಅರ್ಜಿ ಹಾಕಲು ಕಡೆಯ ದಿನ ಯಾವುದೆಂದು ಮಗಳನ್ನು ಕೇಳಿದರು.