ಮೇಲಧಿಕಾರಿಯ ಅತಿವಿಶ್ವಾಸ

ತರಗತಿಯಲ್ಲಿ ನಾನೊಮ್ಮೆ ಜೋಗದ ಜಲಪಾತದ ಎತ್ತರವೆಷ್ಟೆಂದು ವಿದ್ಯಾರ್ಥಿಗಳನ್ನು ಕೇಳಿದೆನು. ಒಂದೇ ಸಂಖ್ಯೆಯನ್ನು ಹೇಳಬೇಕೆಂಬ ನಿರ್ಬಂಧವಿರಲಿಲ್ಲ. ಇಷ್ಟರಿಂದ ಇಷ್ಟರೊಳಗೆ ಇರುವುದು ಖಂಡಿತವೆಂದು ಎರಡು ಸಂಖ್ಯೆಗಳನ್ನು ಬರೆದರೆ ಸಾಕಾಗಿತ್ತು. ಒಂದಡಿಯಿಂದ ಹತ್ತು ಸಾವಿರ ಅಡಿಯವರೆಗೆ ಎಂದು ಬರೆದಿದ್ದರೂ ತಪ್ಪೆನ್ನುವ ಹಾಗಿರಲಿಲ್ಲ. ಆದರೂ 830 ಅಡಿಯೆಂಬ ನಿಜವಾದ ಎತ್ತರವು ಅನೇಕರ ಎಲ್ಲೆಗಳ ಹೊರಗೇ ಉಳಿಯಿತು. ತಮಗೆ ತಿಳಿಯದಿರುವುದು ಎಷ್ಟೆಂಬುದನ್ನು ಅವರು ಅಳೆದುಕೊಂಡಿರಲಿಲ್ಲ.

ಈ ಅಳತೆಯ ತಪ್ಪನ್ನೇ ಮನಶ್ಶಾಸ್ತ್ರಜ್ಞರು ಅತಿವಿಶ್ವಾಸವೆನ್ನುತ್ತಾರೆ. ನಾವು ಜಂಬವೆಂದು ಕರೆಯುವುದಕ್ಕೂ ಇದಕ್ಕೂ ಭೇದವುಂಟು. ವಿನಯಶಾಲಿಯೂ ಮಿತಭಾಷಿಯೂ ಆದವನಲ್ಲಿಯೂ ಇದು ಮನೆಮಾಡಿಕೊಂಡಿರಬಹುದು. ಹುಡುಗರಲ್ಲಿದ್ದರೆ ನಷ್ಟವೇನೂ ಇಲ್ಲ. ಆದರೆ ದೊಡ್ಡ ಸಂಸ್ಥೆಗಳ ಹಣಕಾಸನ್ನು ನಡೆಸುವವರಲ್ಲಿದ್ದರೆ? ಬೆನ್-ಡೇವಿಡ್, ಗ್ರಹಾಂ, ಹಾರ್ವೆ ಎಂಬ ಮೂವರು ಅರ್ಥಶಾಸ್ತ್ರಜ್ಞರು ಅಮೆರಿಕದ ಅಂಥ ಮುಖ್ಯಾಧಿಕಾರಿಗಳನ್ನು, ಮುಂದಿನ ವರ್ಷ ಷೇರುಪೇಟೆಯ ಗಳಿಕೆ ಎಷ್ಟರಿಂದ ಎಷ್ಟರೊಳಗೆ ಇದ್ದೀತೆಂದು ವರ್ಷಗಟ್ಟಲೆ ಕೇಳುತ್ತ ಬಂದರು. ನೂರಕ್ಕೆ ಎಂಬತ್ತು ಸಲ ನಿಜವಾಗುವಂತೆ ಎಲ್ಲೆಗಳನ್ನು ಹಾಕಿಕೊಡಬೇಕಾಗಿತ್ತು. 2013ರಲ್ಲಿ ಪ್ರಕಟವಾದ ಫಲಿತಾಂಶದಂತೆ ನಿಜವಾದದ್ದು ನೂರಕ್ಕೆ ಮೂವತ್ತಾರು ಸಲ ಮಾತ್ರ. ಎಲ್ಲೆಗಳನ್ನು ಬಹಳ ಇಕ್ಕಟ್ಟಾಗಿ ಹಾಕಿದವರ ಸಂಸ್ಥೆಗಳು ಹೆಚ್ಚು ಬಂಡವಾಳ ಹೂಡುವುದೂ ಹೆಚ್ಚು ಸಾಲಮಾಡುವುದೂ ಕಂಡುಬಂದಿತು.

ಹಣ ಹೋದರೆ ಮತ್ತೆ ಬಂದೀತು. ಪ್ರಾಣವೇ ಹೋದ ಪ್ರಸಂಗವೊಂದನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. 1986ನೆಯ ಜನವರಿ 27ರ ರಾತ್ರಿ. ಚಾಲೆಂಜರ್ ಎಂಬ ಅಮೆರಿಕದ ಆಕಾಶನೌಕೆ ಮರುದಿನ ಬೆಳಿಗ್ಗೆ ಏಳು ಮಂದಿಯನ್ನು ಹೊತ್ತು ಹೊರಡುವುದರಲ್ಲಿತ್ತು. ಅದರ ರಾಕೆಟ್ಟನ್ನು ತಯಾರಿಸಿದ ಕಂಪನಿಯ ಇಂಜಿನಿಯರುಗಳಿಗೆ ಒಂದು ಭಯ. ರಾಕೆಟ್ಟಿನ ಕೀಲುಗಳಲ್ಲಿ ಬಿಸಿ ಅನಿಲ ಸೋರದಂತೆ ತಡೆಯುವ ರಬ್ಬರಿನ ಬಳೆಗಳು ಚಳಿಯಲ್ಲಿ ಪೆಡಸಾಗುತ್ತವೆ. ಆದುದರಿಂದ 53 ಡಿಗ್ರಿ ಫ್ಯಾರನ್‌ಹೀಟಿಗಿಂತ ಕಡಮೆ ಶೈತ್ಯದಲ್ಲಿ ಹಾರಿಸಕೂಡದೆಂದು ಅವರು ದೂರವಾಣಿಯಲ್ಲಿ ವಾದಿಸಿದರು. ಸರ್ಕಾರದ ಕಡೆಯ ಅಧಿಕಾರಿಗಳು ಒಪ್ಪಲಿಲ್ಲ. ಕಂಪನಿಯವರು ಸ್ವಲ್ಪ ಬಿಡುವು ಕೇಳಿದರು. ಆ ಬಿಡುವಿನಲ್ಲಿ ಇಂಜಿನಿಯರುಗಳ ಮುಖ್ಯಸ್ಥನಿಗೆ ಇಂಜಿನಿಯರಂತೆ ಯೋಚಿಸುವುದನ್ನು ಬಿಟ್ಟು ಮ್ಯಾನೇಜರಂತೆ ಯೋಚಿಸೆಂದು ಹೇಳಲಾಯಿತು. ಅಪ್ಪಣೆ ದೊರೆಯಿತು. ಮರುದಿನ ನೌಕೆ ಹೊರಟ 73ನೆಯ ಸೆಕೆಂಡಿನಲ್ಲಿ ಆಕಾಶದಲ್ಲಿಯೇ ಛಿದ್ರವಾಯಿತು. ಏಳು ಮಂದಿಯೂ ಮಡಿದರು.

ಅಪ್ಪಣೆಯಿತ್ತವರು ಕಟುಕರೂ ಅಲ್ಲ, ಅಜ್ಞರೂ ಅಲ್ಲ. ಹಿಂದಿನ 24 ಯಾನಗಳೂ ಕ್ಷೇಮವಾಗಿ ಮರಳಿದ್ದವು. ಅವುಗಳಲ್ಲಿ ಕೆಲವದರ ಬಳೆಗಳು ಸುಟ್ಟು ಸವೆದಿದ್ದವು. ಸವೆದರೂ ನೌಕೆ ಮರಳಿತಲ್ಲವೆ ಎಂಬುದೇ ಅವರ ಧೈರ್ಯಕ್ಕೆ ಆಧಾರವಾಯಿತು. ಎಚ್ಚರಿಕೆಯ ಗಂಟೆ ಹಲವು ಸಲ ಬಾರಿಸಿ ಏನೂ ಆಗದಿದ್ದರೆ ನಾವು ಗಂಟೆಯನ್ನೇ ಸಂಗೀತವೆಂದು ಭಾವಿಸುತ್ತೇವೆ. ಆ ರಾತ್ರಿ ಶೈತ್ಯವನ್ನು ಕುರಿತು ಚರ್ಚಿಸುವಾಗ ಬಳೆ ಕೆಟ್ಟ ಯಾನಗಳನ್ನು ಮಾತ್ರ ನೋಡಿದರಂತೆ. ಕೆಡದ ಯಾನಗಳನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ಹಿಡಿದಿದ್ದರೆ, 65 ಡಿಗ್ರಿಗಿಂತ ಕೆಳಗೆ ಹಾರಿದ ನಾಲ್ಕರಲ್ಲಿ ನಾಲ್ಕೂ ಕೆಟ್ಟಿದ್ದವು, 66 ಮತ್ತು ಮೇಲಿನ ಇಪ್ಪತ್ತರಲ್ಲಿ ಮೂರು ಮಾತ್ರ ಕೆಟ್ಟಿದ್ದವು ಎಂಬುದು ಕಣ್ಣಿಗೆ ಹೊಡೆಯುತ್ತಿತ್ತು. ತನಿಖೆಯಲ್ಲಿ ಭಾಗವಹಿಸಿದ ಭೌತವಿಜ್ಞಾನಿ ಫೈನ್‌ಮನ್, ಅಪಾಯದ ಸಂಭವವೆಷ್ಟೆಂದು ವಿಚಾರಿಸಿದಾಗ, ಕೆಲಸಮಾಡುವ ಇಂಜಿನಿಯರುಗಳು ನೂರಕ್ಕೊಂದರ ಹತ್ತಿರ ಹೇಳಿದರೆ ಮೇಲಿನವರು ಲಕ್ಷಕ್ಕೊಂದೆಂದರು. ಲಕ್ಷಕ್ಕೊಂದೆಂದರೆ ಮುನ್ನೂರು ವರ್ಷ ದಿನಕ್ಕೊಂದರಂತೆ ಹಾರಿಸಿದರೂ ಕಳೆದುಕೊಳ್ಳುವುದು ಒಂದೇ ಎಂದಾಗುತ್ತದೆಂದು ಆತ ತೋರಿಸಿಕೊಟ್ಟನು.

ಅಧಿಕಾರದ ಏಣಿಯನ್ನು ಏರಿದಷ್ಟೂ ಸುದ್ದಿ ಹೀಗೆ ತಿಳಿಯಾಗುವುದೇಕೆ? ಕೆಳಗಿನವರು ಅಪ್ರಿಯವನ್ನು ಮೃದುಮಾಡಿ ಹೇಳುವುದು ಒಂದು ಕಾರಣ. ಇದು ಎಲ್ಲರಿಗೂ ತಿಳಿದದ್ದೇ. ಅಷ್ಟಾಗಿ ತಿಳಿಯದ ಕಾರಣ ಇನ್ನೊಂದಿದೆ. ಹತ್ತು ಮಂದಿ ಅಭ್ಯರ್ಥಿಗಳಲ್ಲಿ ಒಬ್ಬನನ್ನು ನೇಮಿಸಿದ ಮ್ಯಾನೇಜರಿಗೆ, ಆತ ತಕ್ಕಮಟ್ಟಿಗೆ ದುಡಿದರೆ ತನ್ನ ಆಯ್ಕೆ ಸರಿಯೆಂದು ತೋರುತ್ತದೆ. ಹಿಂದಕ್ಕೆ ಕಳುಹಿಸಿದ ಒಂಬತ್ತು ಮಂದಿ ಬೇರೆಲ್ಲಿ ಏನಾದರೆಂಬ ವರ್ತಮಾನ ಅವನಿಗೆ ಬರುವುದೇ ಇಲ್ಲ. ವರ್ಷಗಳು ಕಳೆದಂತೆ ಅನುಭವ ಬೆಳೆಯಿತೆಂದು ನಂಬುತ್ತಾನೆ. ಬೆಳೆದದ್ದು ನಂಬಿಕೆಯೊಂದೇ ಆಗಿರಬಹುದು.

ಹವಾಮಾನವನ್ನು ಮುಂತಿಳಿಸುವವರ ಸ್ಥಿತಿ ಬೇರೆ. ಅಮೆರಿಕದಲ್ಲಿ ಮಳೆಯ ಸಂಭವ ಇಷ್ಟೆಂದು ಅವರು ಹೇಳಿದ್ದಕ್ಕೂ ಬಿದ್ದ ಮಳೆಗೂ ಒಳ್ಳೆಯ ಹೊಂದಿಕೆಯಿರುವುದನ್ನು ಮರ್ಫಿ ಮತ್ತು ವಿಂಕ್ಲರ್ 1977ರಲ್ಲಿ ತೋರಿಸಿದರು. ನಾವು ಅವರನ್ನು ಪರಿಹಾಸ್ಯಮಾಡುವುದು ವಾಡಿಕೆ. ಆದರೆ ಅವರ ಮಾತು ದಿನದಿನವೂ ಬರವಣಿಗೆಯಲ್ಲಿ ನಿಲ್ಲುತ್ತದೆ, ಮರುದಿನವೇ ಆಕಾಶವು ತಿದ್ದುತ್ತದೆ. ಕಚೇರಿಯಲ್ಲಿ ತಿದ್ದುವ ಆಕಾಶವಿಲ್ಲ. ಅದನ್ನು ನಾವೇ ಕಲ್ಪಿಸಿಕೊಳ್ಳಬೇಕು. ಕೆಲಸ ಆರಂಭಿಸುವ ಮುನ್ನವೇ ಅದು ಪೂರ್ತಿ ಕೆಟ್ಟುಹೋಯಿತೆಂದು ಭಾವಿಸಿ, ಏಕೆ ಕೆಟ್ಟಿತೆಂದು ಪ್ರತಿಯೊಬ್ಬರೂ ಬರೆದುಕೊಡುವ ಕ್ರಮವನ್ನು ಗ್ಯಾರಿ ಕ್ಲೈನ್ ಎಂಬ ಮನಶ್ಶಾಸ್ತ್ರಜ್ಞನು 2007ರಲ್ಲಿ ಸೂಚಿಸಿದನು. ಸಭೆಯಲ್ಲಿ ಬಾಯಿಬಿಡಲು ಅಂಜುವ ಕಿರಿಯನಿಗೆ ಇದರಿಂದ ಸಂದೇಹಪಡುವ ಹಕ್ಕು ದೊರೆಯುತ್ತದೆ. ನಿರ್ಣಯದ ದಿನವೇ ಫಲ ಇಂತಿಷ್ಟಾಗುವುದೆಂದು ಬರೆದಿಟ್ಟು, ಆಮೇಲೆ ತಾಳೆನೋಡುವುದು ಮತ್ತೊಂದು ಉಪಾಯ.

ಉತ್ತರಪತ್ರಿಕೆಗಳನ್ನು ತಿದ್ದುವ ಕೆಲಸ ಎಷ್ಟು ದಿನಗಳಲ್ಲಿ ಮುಗಿಯುವುದೆಂದು ನಾನೂ ಒಂದು ಪುಸ್ತಕದಲ್ಲಿ ಮೊದಲೇ ಬರೆದಿಡಲಾರಂಭಿಸಿದ್ದೇನೆ. ಅದನ್ನು ಮನೆಯವರಿಗೆ ತೋರಿಸುವ ಧೈರ್ಯ ಇನ್ನೂ ಬಂದಿಲ್ಲ.