ಗೊಂಬೆಯ ಎದೆ, ಊರಿನ ಕೈ

ಹಿಂದಿನ ದಿನದ ಮದುವೆಯ ಮಾವಿನ ತೋರಣ ಇನ್ನೂ ಪೂರ್ತಿ ಬಾಡಿರಲಿಲ್ಲ. ವಧೂವರರ ಸಿಂಹಾಸನವನ್ನು ಗೋಡೆಗೆ ಸರಿಸಿ, ಅದೇ ವೇದಿಕೆಗೆ ಬ್ಯಾನರ್ ಕಟ್ಟಿದ್ದರು: ‘ಸಾರ್ವಜನಿಕರಿಗೆ ಉಚಿತ ಸಿಪಿಆರ್ ತರಬೇತಿ’. ಹೃದಯ ನಿಂತವರ ಎದೆ ಒತ್ತಿ ಜೀವ ಉಳಿಸುವ ಪಾಠ. ಹಾಸನ ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರ ಕಲ್ಯಾಣ ಮಂಟಪ. ಕೆಳಗೆ ಮುನ್ನೂರರ ಹತ್ತಿರ ಪ್ಲಾಸ್ಟಿಕ್ ಕುರ್ಚಿ. ಮುಂದೆ ಆಶಾ ಕಾರ್ಯಕರ್ತೆಯರ ಗುಲಾಬಿ ಸೀರೆಗಳ ಸಾಲು. ಬಾಡಿಗೆ ಬಂದರೆ ಎದ್ದು ಹೋಗಲು ಅನುಕೂಲವಾಗಲಿ ಎಂದು ಖಾಕಿ ಅಂಗಿಯ ಆಟೋ ಚಾಲಕರು ಬಾಗಿಲ ಬಳಿ. ನಡುವೆ ಪಿಯು ಹುಡುಗ ಹುಡುಗಿಯರು, ಹಾಲಿನ ಡೇರಿಯ ಕಾರ್ಯದರ್ಶಿ, ಹೋಟೆಲಿನ ಸಪ್ಲೈಯರ್‌ಗಳು, ‘ಊಟ ಐತಾ?’ ಎಂದು ಕೇಳಿಕೊಂಡೇ ಒಳಗೆ ಬಂದ ಒಬ್ಬ ಅಜ್ಜಿ.

ಈ ಜಿಲ್ಲೆಗೆ ಎದೆಯ ವಿಷಯ ಬಿಡಿಸಿ ಹೇಳಬೇಕಾಗಿಲ್ಲ. 2025ರ ಜೂನ್‌ನಲ್ಲಿ ಒಂದರ ಹಿಂದೆ ಒಂದು ಹೃದಯಾಘಾತದ ಸಾವಿನ ಸುದ್ದಿಗಳು ಬಂದವು. ಜುಲೈ ಹೊತ್ತಿಗೆ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವದಿಂದಲೇ ಜನ ಸಾಲು ನಿಂತರು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗಲೂ ಹೀಗೇ ಆಗಿತ್ತು. ಎರಡು ಸಲವೂ ಭಯ ನಮ್ಮನ್ನು ಇಸಿಜಿ ಯಂತ್ರದ ಮುಂದೆ ಕರೆದೊಯ್ದಿತೇ ಹೊರತು, ಕಣ್ಣೆದುರು ಕುಸಿದವನ ಎದೆಯ ಮೇಲೆ ಕೈ ಇಡುವುದನ್ನು ಕಲಿಸಲಿಲ್ಲ.

ಹನ್ನೊಂದಕ್ಕೆ ಶುರುವಾಗಬೇಕಿದ್ದ ತರಬೇತಿಗೆ ಮೊದಲು ಪ್ರಾರ್ಥನೆ, ಸ್ವಾಗತ, ದೀಪ, ಪ್ರಾಸ್ತಾವಿಕ. ಆಮೇಲೆ ಒಬ್ಬೊಬ್ಬರಿಗೂ ಶಾಲು, ಏಲಕ್ಕಿ ಹಾರ, ಮೈಸೂರು ಪೇಟ. ಮುಖಂಡರೊಬ್ಬರು ಹೃದಯವಂತಿಕೆಯ ಮೇಲೆ ಮಾತಾಡಿದರು. ಹೃದಯ ಮಾತ್ರ ಅದರಲ್ಲಿ ಬರಲಿಲ್ಲ. ಅಷ್ಟು ಹೊತ್ತೂ ಸೊಂಟದಿಂದ ಮೇಲಷ್ಟೇ ಇರುವ ಆರು ರಬ್ಬರ್ ಗೊಂಬೆಗಳು ವೇದಿಕೆಯ ಪಕ್ಕದ ಜಮಖಾನದ ಮೇಲೆ ಬಾಯಿ ತೆರೆದುಕೊಂಡು ಸೂರು ನೋಡುತ್ತ ಮಲಗಿದ್ದವು.

ವಂದನಾರ್ಪಣೆ ನಡೆಯುತ್ತಿದ್ದಂತೆ ಕುರ್ಚಿಗಳ ನಡುವಿನ ದಾರಿಯಲ್ಲಿ ಹೋಗುತ್ತಿದ್ದ ಯುವಕನೊಬ್ಬ ದಡಕ್ಕನೆ ಬಿದ್ದ.

ಒಂದು ಕ್ಷಣ ಸದ್ದಿಲ್ಲ. ಮರುಕ್ಷಣ ಕುರ್ಚಿಗಳು ಸರಿದು ಸುತ್ತ ಜನ ಗೋಡೆ ಕಟ್ಟಿದರು. ‘ಗಾಳಿ ಬಿಡ್ರಪ್ಪಾ, ಗಾಳಿ ಬಿಡ್ರಿ’ ಎಂದು ಕೂಗಿದವರೇ ಎಲ್ಲರಿಗಿಂತ ಹತ್ತಿರ ಬಗ್ಗಿದ್ದರು. ಡೇರಿ ಕಾರ್ಯದರ್ಶಿ ಬೈಕಿನ ಕೀ ಗೊಂಚಲನ್ನು ಅವನ ಅಂಗೈಗೆ ತುರುಕಿ ಮುಷ್ಟಿ ಮುಚ್ಚಿದರು. ಯಾರೋ ಅಡುಗೆ ಮನೆಯಿಂದ ಈರುಳ್ಳಿ ತಂದರು. ಇನ್ನೊಬ್ಬರು ಬಾಟಲಿ ನೀರನ್ನು ಮುಖಕ್ಕೆ ಚಿಮುಕಿಸಿ, ಉಳಿದಿದ್ದನ್ನು ಬಾಯಿಗೆ ಹುಯ್ಯಲು ಹೊರಟರು. ತಲೆಗಳ ಮೇಲೆ ಮೂರ್ನಾಲ್ಕು ಮೊಬೈಲ್ ಎದ್ದು ವಿಡಿಯೊ ಮಾಡತೊಡಗಿದವು. ಅಷ್ಟು ಫೋನಿದ್ದರೂ ಒಂದರಿಂದಲೂ 108ಕ್ಕೆ ಕರೆ ಹೋಗಲಿಲ್ಲ.

‘ಮೂರು ನಿಮಿಷ ಆಯ್ತು’ ಎಂದರು ಮೈಕಿನಲ್ಲಿ ಡಾಕ್ಟರಮ್ಮ.

ಬಿದ್ದವನು ನಗುತ್ತ ಎದ್ದು ಕೂತ. ಆಂಬುಲೆನ್ಸಿನ ಸಿಬ್ಬಂದಿಯ ಹುಡುಗ, ನಾಟಕಕ್ಕೆಂದೇ ಬಿದ್ದವನು. ಸಭೆಯೆಲ್ಲ ಹೋ ಎಂದಿತು. ಕಾರ್ಯದರ್ಶಿ ಕೀ ವಾಪಸ್ ಇಸಿದುಕೊಂಡು ತಮ್ಮ ಕುರ್ಚಿ ಹುಡುಕಿದರು. ಅರಿವಳಿಕೆ ತಜ್ಞೆಯಾದ ಡಾಕ್ಟರಮ್ಮ ಯಾರನ್ನೂ ಗದರಲಿಲ್ಲ. ಹೃದಯ ನಿಂತರೆ ಸುಮಾರು ನಾಲ್ಕು ನಿಮಿಷಕ್ಕೆ ಮಿದುಳಿಗೆ ಪೆಟ್ಟು ಬೀಳಲು ಶುರು. ಎದೆ ಒತ್ತದೆ ಕಳೆದ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ 7ರಿಂದ 10ರಷ್ಟು ಇಳಿಯುತ್ತದೆ ಎಂದಷ್ಟೇ ಹೇಳಿದರು. ಆ ಹುಡುಗ ಬೀಳುವ ಮೊದಲೇ ಈ ಅಂಕಿ ಹೇಳಿದ್ದರೆ ಯಾರ ಕಿವಿಗೂ ಇಳಿಯುತ್ತಿರಲಿಲ್ಲ.

ಕಲಿಸುವುದು ಹೆಚ್ಚೇನಿಲ್ಲ. ಭುಜ ತಟ್ಟಿ ಜೋರಾಗಿ ಕರೆಯಿರಿ. ಮಿಸುಕುತ್ತಿಲ್ಲ, ಸರಿಯಾಗಿ ಉಸಿರಾಡುತ್ತಿಲ್ಲ ಅಂದರೆ 108ಕ್ಕೆ ಫೋನ್ ಮಾಡಿಸಿ. ಮಂಡಿಯೂರಿ, ಎದೆಗೂಡಿನ ನಡುವಿನ ಮೂಳೆಯ ಕೆಳ ಅರ್ಧದ ಮೇಲೆ ಒಂದು ಅಂಗೈಯ ಬುಡ, ಅದರ ಮೇಲೆ ಇನ್ನೊಂದು. ಐದರಿಂದ ಆರು ಸೆಂಟಿಮೀಟರ್ ಆಳ. ನಿಮಿಷಕ್ಕೆ 100ರಿಂದ 120 ಸಲ. ಒತ್ತಿದಾಗ ರಕ್ತ ಮಿದುಳಿಗೆ ಹೋಗುತ್ತದೆ, ಬಿಟ್ಟಾಗ ಹೃದಯ ಮತ್ತೆ ತುಂಬಿಕೊಳ್ಳುತ್ತದೆ. ಬಾಯಿಗೆ ಬಾಯಿಟ್ಟು ಊದಬೇಕು ಎಂಬ ಹೆದರಿಕೆಯೂ ಇಲ್ಲಿಲ್ಲ. ಜನಸಾಮಾನ್ಯರಿಗೆ ಎದೆ ಒತ್ತುವುದಷ್ಟನ್ನೇ ಕಲಿಸಿದರೆ ಸಾಕೆಂದು ನಮ್ಮ ದೇಶದ ಅರಿವಳಿಕೆ ತಜ್ಞರ ಸಂಘವೇ ಪಾಠವನ್ನು ಸರಳ ಮಾಡಿದೆ.

ಆದರೆ ಕೇಳುವುದು ಬೇರೆ, ಮಂಡಿಯೂರುವುದು ಬೇರೆ. ಮೊದಲ ಸರದಿಯ ಕಾಲೇಜು ಹುಡುಗ ಗೊಂಬೆಗೆ ನೋವಾದೀತೇನೋ ಎಂಬಂತೆ ಒತ್ತಿದ. ಸಾಕಷ್ಟು ಆಳ ಹೋದರೆ ಗೊಂಬೆಯೊಳಗೆ ‘ಟಕ್’ ಎಂಬ ಸದ್ದು ಬರಬೇಕು, ಬರಲಿಲ್ಲ. ‘ಇನ್ನೂ ಜೋರು’ ಎಂದರು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತ ಆಶಾ ಕಾರ್ಯಕರ್ತೆಯೊಬ್ಬರು, ‘ದಿನಾ ಮುದ್ದೆ ತೊಳಸೋ ಕೈ ಮೇಡಮ್, ಇದೆಂಥ ಕಷ್ಟ’ ಎಂದು ಶುರು ಮಾಡಿದರು. ‘ಅಕ್ಕಾ, ಮುದ್ದೆಗೆ ಮೊಣಕೈ ಮಡಚ್ತೀರಿ. ಇಲ್ಲಿ ಮಡಚಬಾರದು. ಭಾರ ಭುಜದಿಂದ ಬರಲಿ.’ ಮೊಣಕೈ ನೆಟ್ಟಗಾದದ್ದೇ ತಡ, ಟಕ್ ಟಕ್ ಟಕ್. ಒಂದು ನಿಮಿಷಕ್ಕೆ ಅವರ ಹಣೆ ಬೆವರಿತು, ಎರಡನೆಯದಕ್ಕೆ ವೇಗ ಇಳಿಯಿತು. ಎರಡು ನಿಮಿಷಕ್ಕೊಮ್ಮೆ ಕೈ ಬದಲಿಸಬೇಕು ಎಂದು ಯಾಕೆ ಹೇಳುತ್ತಾರೆಂಬುದು ಸುತ್ತ ನಿಂತವರಿಗೆ ವಿವರಣೆಯಿಲ್ಲದೆ ತಿಳಿಯಿತು.

ಎಣಿಕೆಯಲ್ಲಿ ಇನ್ನೊಂದು ತಮಾಷೆ. ಸಭೆಯೆಲ್ಲ ಒಟ್ಟಿಗೆ ಎಣಿಸುತ್ತಿತ್ತು. ‘ಒಂದು, ಎರಡು, ಮೂರು’ ಚೆನ್ನಾಗಿಯೇ ಓಡಿತು. ‘ಇಪ್ಪತ್ತೊಂದು, ಇಪ್ಪತ್ತೆರಡು’ ಎನ್ನುವಷ್ಟರಲ್ಲಿ ನಾಲಿಗೆಯ ಜೊತೆ ಕೈಯೂ ಹಿಂದೆ ಬಿತ್ತು. ಆಂಬುಲೆನ್ಸಿನ ಹುಡುಗನಿಗೆ ಇದು ಗೊತ್ತಿತ್ತು. ‘ಹತ್ತರ ತನಕ ಎಣಿಸಿ, ಮತ್ತೆ ಒಂದರಿಂದ ಶುರು ಮಾಡಿ’ ಎಂದ. ವೇಗ ಕೂಡಲೇ ಸರಿಹೋಯಿತು. ಇಂಗ್ಲಿಷಿನಲ್ಲಿ ಬರೆದ ಕೈಪಿಡಿಯಲ್ಲಿ ಇಂಥದ್ದು ಸಿಗುವುದಿಲ್ಲ.

ಪ್ರಶ್ನೆಗಳು ಶುರುವಾದ ಮೇಲೆ ಮಂಟಪ ನಿಜಕ್ಕೂ ತರಗತಿಯಾಯಿತು. ಪಕ್ಕೆಲುಬು ಮುರಿದರೆ? ಮುರಿಯಬಹುದು, ಸರಿಯಾಗಿ ಒತ್ತಿದರೂ ಮುರಿಯಬಹುದು, ಪಕ್ಕೆಲುಬು ಕೂಡಿಕೊಳ್ಳುತ್ತದೆ. ಎದೆನೋವು ಅಂತ ಕೂತವನಿಗೂ ಒತ್ತಬೇಕಾ? ಬೇಡ. ಅದು ಹೃದಯಾಘಾತವಿರಬಹುದು, ರಕ್ತನಾಳ ಕಟ್ಟಿಕೊಂಡಿರುತ್ತದೆ, ಹೃದಯ ಇನ್ನೂ ಬಡಿಯುತ್ತಿರುತ್ತದೆ. ಕೂರಿಸಿ, ಆಸ್ಪತ್ರೆಗೆ ಸೇರಿಸಿ. ಪ್ರಜ್ಞೆ ತಪ್ಪಿದವನು ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದು ಗೊರ ಗೊರ ಎಂದರೆ? ಉಸಿರಿದೆ ಎಂದು ಮೋಸ ಹೋಗಬೇಡಿ, ಒತ್ತಿ. ಕೆರೆಗೆ ಬಿದ್ದವರಿಗೆ? ಹುಡುಗನೊಬ್ಬ ಇದನ್ನು ಕೇಳಿದಾಗ ಡಾಕ್ಟರಮ್ಮ ತಡೆದು ಹೇಳಿದರು: ಮುಳುಗಿದವರಿಗೆ, ಚಿಕ್ಕ ಮಕ್ಕಳಿಗೆ ಉಸಿರು ಊದುವುದೂ ಮುಖ್ಯ, ಅದಕ್ಕೆ ಬೇರೆ ಪಾಠ ಬೇಕು. ಕರೆಂಟ್ ಹೊಡೆದವರಿಗೆ? ಮೊದಲು ಮೇನ್ ಸ್ವಿಚ್ ಆಫ್ ಮಾಡಿ, ಆಮೇಲೆ ಮುಟ್ಟಿ.

ಒಂದು ಪ್ರಶ್ನೆ ಮಾತ್ರ ಮೈಕಿಗೆ ಬರಲಿಲ್ಲ. ಆಟೋ ಚಾಲಕರೊಬ್ಬರು ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ, ‘ಹೆಂಗಸರು ಬಿದ್ದಿದ್ರೆ ಹೆಂಗೆ ಮೇಡಮ್? ನೋಡಿದೋರು ಏನಂತಾರೆ’ ಎಂದರು. ಮುಜುಗರ ಈ ಊರಿನದಷ್ಟೇ ಅಲ್ಲ. ಸಾರ್ವಜನಿಕ ಜಾಗದಲ್ಲಿ ಕುಸಿದ ಹೆಂಗಸರಿಗೆ ಗಂಡಸರಿಗಿಂತ ಕಡಿಮೆ ಸಿಪಿಆರ್ ಸಿಗುತ್ತದೆಂದು ಪಾಶ್ಚಾತ್ಯ ದೇಶಗಳ ಅಧ್ಯಯನಗಳೇ ಹೇಳಿವೆ. ಡಾಕ್ಟರಮ್ಮ ತಮ್ಮ ವೇಲನ್ನೇ ಗೊಂಬೆಗೆ ಹೊದಿಸಿ, ‘ನಿಮ್ಮ ತಾಯಿ ಬಿದ್ದಿದ್ರೆ, ಪಕ್ಕದ ಗಂಡಸು ಹೀಗೆ ಯೋಚ್ನೆ ಮಾಡ್ತಾ ನಿಂತಿರಬೇಕಾ?’ ಎಂದರು. ಚಾಲಕರು ಮಾತಿಲ್ಲದೆ ಮಂಡಿಯೂರಿದರು. ‘ಪೊಲೀಸ್ ಸ್ಟೇಷನ್ ಅಲೆಸಿದ್ರೆ?’ ಎಂದರು ಅವರ ಗೆಳೆಯ. ನೆರವಿಗೆ ಬಂದವರನ್ನು ಕಾಪಾಡುವ ಪ್ರತ್ಯೇಕ ಕಾನೂನು ಕರ್ನಾಟಕದಲ್ಲಿದೆ. 2018ರಲ್ಲಿ ಅದಕ್ಕೆ ರಾಷ್ಟ್ರಪತಿಗಳ ಅಂಕಿತವೂ ಬಿದ್ದಿದೆ. ಸಭೆಯಲ್ಲಿ ಅದನ್ನು ಕೇಳಿ ಬಲ್ಲವರು ಇದ್ದಂತೆ ಕಾಣಲಿಲ್ಲ.

ಗೊಂಬೆಯ ಸುತ್ತ ಜನ ಸೇರುವ ಈ ದೃಶ್ಯಕ್ಕೆ ಅರವತ್ತು ವರ್ಷ ದಾಟಿದೆ. ಎದೆ ಒತ್ತಿ ರಕ್ತ ಓಡಿಸಬಹುದೆಂದು ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ಕೌವೆನ್‌ಹೋವೆನ್, ಜೂಡ್, ನಿಕರ್‌ಬಾಕರ್ 1960ರಲ್ಲಿ ಬರೆದರು. ಅದೇ ಹೊತ್ತಿಗೆ ನಾರ್ವೆಯ ಆಟಿಕೆ ತಯಾರಕ ಆಸ್ಮುಂಡ್ ಲೇರ್ಡಾಲ್ ಕಲಿಯುವವರಿಗೆ ಗೊಂಬೆ ಮಾಡಿಕೊಟ್ಟ. 1970ರ ದಶಕದ ಆರಂಭದಲ್ಲಿ ಸಿಯಾಟಲ್ ನಗರದಲ್ಲಿ ಡಾ. ಲಿಯೊನಾರ್ಡ್ ಕಾಬ್ ಮತ್ತು ಅಗ್ನಿಶಾಮಕ ದಳದ ಮುಖ್ಯಸ್ಥ ಗಾರ್ಡನ್ ವಿಕರಿ ಊರಿಗೆ ಊರನ್ನೇ ಗೊಂಬೆಯ ಮುಂದೆ ಕೂರಿಸಿ, ಕೆಲವೇ ವರ್ಷದಲ್ಲಿ ಲಕ್ಷಕ್ಕೂ ಹೆಚ್ಚು ಜನರಿಗೆ ಕಲಿಸಿದರು. ನಮ್ಮಲ್ಲೂ 2023ರ ಡಿಸೆಂಬರ್ 6ರಂದು ದೇಶದಾದ್ಯಂತ ಒಂದೇ ದಿನ ತರಬೇತಿ ನಡೆಯಿತು. 20 ಲಕ್ಷಕ್ಕೂ ಹೆಚ್ಚು ಜನ ಭಾಗವಹಿಸಿದರೆಂದು ಸರ್ಕಾರ ಹೇಳಿತು. ದೊಡ್ಡ ಸಂಖ್ಯೆಯೇ. ಅವರಲ್ಲಿ ಎಷ್ಟು ಜನರ ಕೈಯಿಂದ ‘ಟಕ್’ ಸದ್ದು ಬಂತು ಎಂಬ ಲೆಕ್ಕವಿದ್ದರೆ ನನಗೆ ಇನ್ನೂ ಖುಷಿಯಾಗುತ್ತಿತ್ತು.

ಈ ಮಂಟಪದ ಲೆಕ್ಕ ಕಣ್ಣೆದುರಿಗೇ ಇತ್ತು. ಮುನ್ನೂರು ಜನಕ್ಕೆ ಆರು ಗೊಂಬೆ, ಒಂದಕ್ಕೆ ಐವತ್ತು ಜನ. ತಲೆಗೆ ಎರಡು ನಿಮಿಷ ಅಂದರೂ ನೂರು ನಿಮಿಷ ಬೇಕು; ವೇದಿಕೆ ತಿಂದು ಉಳಿಸಿದ್ದು ಒಂದು ಗಂಟೆಗೂ ಕಡಿಮೆ. ಅಡುಗೆಯವರು ಪಲಾವ್ ಪಾತ್ರೆಯ ಮುಚ್ಚಳ ತೆಗೆದ ಮೇಲಂತೂ ಸಾಲು ಅತ್ತ ತಿರುಗಿತು. ಊಟ ಕೇಳಿಕೊಂಡು ಬಂದ ಅಜ್ಜಿ ಮಾತ್ರ, ಮಂಡಿನೋವು ಅಂತ ಗೊಂಬೆಯನ್ನು ಬೆಂಚಿನ ಮೇಲೆ ಇಡಿಸಿಕೊಂಡು ಒಂದಿಪ್ಪತ್ತು ಸಲ ಒತ್ತಿಯೇ ಎಲೆಗೆ ಹೋದರು. ಪ್ರಮಾಣಪತ್ರ ಎಲ್ಲರಿಗೂ ಸಿಕ್ಕಿತು, ಗೊಂಬೆ ಮುಟ್ಟದವರಿಗೂ.

ಇಂಥ ಶಿಬಿರ ಇಡುವ ಸಂಘ, ಪಂಚಾಯಿತಿ, ಕಾಲೇಜಿನವರಲ್ಲಿ ಒಂದು ಕೋರಿಕೆ. ಮುಂದಿನ ಸಲ ಶಾಲು, ಹಾರ, ಪೇಟದ ದುಡ್ಡಿನಲ್ಲಿ ಇನ್ನಷ್ಟು ಗೊಂಬೆ ತರಿಸಿ. ಸಿಗದಿದ್ದರೆ ಗಟ್ಟಿ ದಿಂಬಾದರೂ ಆದೀತು. ಭಾಷಣಗಳನ್ನು ಕೈಬಿಡಿ. ಕಲಿತದ್ದು ಕೆಲವೇ ತಿಂಗಳಲ್ಲಿ ಮಾಸುತ್ತದೆ, ಹಾಗಾಗಿ ಆರು ತಿಂಗಳಿಗೊಮ್ಮೆ ಅದೇ ಜನರನ್ನು ಮತ್ತೆ ಕರೆಯಿರಿ. ಪ್ರಮಾಣಪತ್ರವನ್ನು ಮಂಡಿಯೂರಿ ಎರಡು ನಿಮಿಷ ಒತ್ತಿದವರಿಗಷ್ಟೇ ಕೊಡಿ.